ನಾನ್ನೂರರ ಲೆನ್ಸಿನಲ್ಲಿ ಗೋವಿಂದಣ್ಣ

ಗೋವಿಂದಣ್ಣನಿಗೆ ಅನ್ವರ್ ಮಾಡುವ ನಮಸ್ಕಾರ.

ಕ್ಷೇಮವೇ ಎಂದು ಕೇಳಿ ಕಾಗದ ಶುರು ಮಾಡಬೇಕೆಂದು ಶಾಲೆಯಲ್ಲಿ ಮೇಷ್ಟ್ರು ಕಲಿಸಿದ್ದರು. ಹಾಗೇ ಬರೆದು, ಆಮೇಲೆ ಹೊಡೆದು ಹಾಕಿದೆ. ನೀವು ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ಕಾರ್ಖಾನೆಯಲ್ಲಿ ನಕ್ಷೆ ಎಳೆಯುತ್ತಿರುವಾಗ ಕೈ ಅರ್ಧಕ್ಕೆ ನಿಂತುಬಿಡುತ್ತದೆ. ಪಕ್ಕದ ಮೇಜಿನವನು "ಏನ್ ಗುರು, ಹುಷಾರಿಲ್ವಾ?" ಅನ್ನುತ್ತಾನೆ. ಅವನಿಗೆ ಏನಂತ ಹೇಳಲಿ? ಯಾರ ಮುಂದೆಯೂ ಬಾಯಿ ಬಿಡದ ಒಂದು ಸಂಗತಿ ಇದೆ. ಅದು ನಿಮ್ಮದೇ ಸಂಗತಿ, ಆದ್ದರಿಂದ ಮೊದಲು ನಿಮಗೆ ಹೇಳುತ್ತಿದ್ದೇನೆ.

ಮಳೆಗಾಲ ಮುಗಿದ ಹೊಸದರಲ್ಲಿ ನಾನು ಯಶವಂತಪುರದ ನಿಮ್ಮ ಕ್ಯಾಮೆರಾ ರಿಪೇರಿ ಅಂಗಡಿಗೆ ಓಡಿ ಬಂದ ಸಂಜೆ ನೆನಪಿದೆಯಾ? ದುಬೈಯಿಂದ ನಮ್ಮ ಭಾವ ಊರಿಗೆ ಬರುತ್ತಾನೆ, ನನಗೆಂದು ಒಂದೇ ಒಂದು ಸಾಮಾನು ತರುತ್ತಾನಂತೆ, ಕ್ಯಾಮೆರಾ ಬಾಡಿಯೋ ಲೆನ್ಸೋ ಬೇಗ ಬರೆದು ಕಳಿಸು ಅಂದಿದ್ದಾನೆ ಎಂದೆ. ನೀವು ಯಾರದೋ ಕ್ಯಾಮೆರಾದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಿರಿ. ತಲೆ ಎತ್ತಲಿಲ್ಲ.

"ಈಗಿರೋ ಬಾಡಿಗೆ ಏನ್ ರೋಗ?"

"ಮೀಟರ್ ಇಲ್ಲ ಅಣ್ಣ. ಹೊಸದು ಬೆಳಕು ತಾನೇ ಅಳೆಯುತ್ತೆ."

"ನಿನ್ ಕಣ್ಣೇನು ಅಡ ಇಟ್ಟಿದ್ದೀಯಾ? ಬಾಡಿ ಅನ್ನೋದು ಕತ್ತಲೆ ಡಬ್ಬ ಕಣೋ. ಬೆಳಕು ಸೋರದಂಗಿದ್ರೆ ಸಾಕು. ಚಿತ್ರ ಬರೆಯೋದು ಗಾಜು. ಅದೂ ಅಲ್ದೆ ಆ ಹೊಸ ಬಾಡಿ ಬಾಯಿಗೆ ನಿನ್ ಹಳೇ ಲೆನ್ಸ್ ಒಂದೂ ಕೂರಲ್ಲ. ಹೊಸ ಸೊಸೆ ಬಂದ್ಲು ಅಂತ ಮನೇಲಿರೋ ಪಾತ್ರೆನೆಲ್ಲಾ ಬೀದಿಗೆ ಎಸೀತಾರಾ?"

ಅಲ್ಲಿಗೆ ಬಾಡಿಯ ಮಾತು ಮುಗಿಯಿತು. ಲೆನ್ಸು ಅಂದರೆ ಯಾವ ಲೆನ್ಸು? ನನ್ನ ಮನಸ್ಸು ಆಗಲೇ ದೂರದ ಹಕ್ಕಿಯನ್ನು ಹತ್ತಿರ ತರುವ ನಾನ್ನೂರು ಮಿಲಿಮೀಟರಿನ ಉದ್ದನೆಯ ಲೆನ್ಸಿನ ಮೇಲೆ ಕೂತಿತ್ತು. ನೀವು ಇನ್ನೂರು ಸಾಕು ಅಂದಿರಿ. "ನಾನ್ನೂರಕ್ಕೆ ಬೆಳಕು ಜಾಸ್ತಿ ಬೇಕು. ಕೈಯಲ್ಲಿ ಹಿಡಿದ್ರೆ ಅಲುಗ್ತದೆ, ಸ್ಟ್ಯಾಂಡ್ ಹೊರ್ಬೇಕು. ಬಂಡೀಪುರದ ಬಸ್ಸಲ್ಲಿ ಕಂಡಕ್ಟರು ನಿಂಗೊಂದು, ಅದಕ್ಕೊಂದು ಟಿಕೆಟ್ ಹರೀತಾನೆ. ಇನ್ನೂರಾದ್ರೆ ಕತ್ತಿಗೆ ಹಾಕ್ಕೊಂಡು ಊರೂರು ತಿರುಗ್ಬೋದು, ಹೊಟ್ಟೆ ಮೇಲೆ ತೆವಳ್ಕೊಂಡು ಹೋಗ್ಬೋದು." ಹತ್ತಿರ ಹೋದರೆ ಹಕ್ಕಿ ಹಾರಿಹೋಗುತ್ತಲ್ಲ ಅಣ್ಣ ಎಂದಾಗ ನೀವು ಸ್ಕ್ರೂ ಡ್ರೈವರನ್ನು ಕೆಳಗಿಟ್ಟಿರಿ. "ಅದು ಹಾರೋದು ನಿನ್ ಅವಸರಕ್ಕೆ. ಉದ್ದನೇ ಲೆನ್ಸು ಮನುಷ್ಯನ್ನ ಸೋಮಾರಿ ಮಾಡ್ತದೆ ಮಗಾ. ಇದ್ದಲ್ಲೇ ಕೂರಿಸಿಬಿಡ್ತದೆ." ನಾನು ತಲೆಯಾಡಿಸಿ ಮನೆಗೆ ಬಂದು ಭಾವನಿಗೆ ನಾನ್ನೂರನ್ನೇ ಬರೆದು ಕಳಿಸಿದೆ.

ಆ ಲೆನ್ಸು ಆರ್.ಟಿ. ನಗರದ ನಮ್ಮ ಮನೆಗೆ ಬಂದ ದಿನ ಅಮ್ಮಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಸೋನಾ ನಕ್ಕೋ, ಘಡಿ ನಕ್ಕೋ, ಕಾಚ್‌ಕಾ ನಳಾ ಹೋನಾ ಕತೆ ಇಸ್ಕು," ಅಂತ ಅಕ್ಕನ ಹತ್ತಿರ ದೂರಿದರು. ಚಿನ್ನ ಬೇಡವಂತೆ, ಗಡಿಯಾರ ಬೇಡವಂತೆ, ಇವನಿಗೆ ಗಾಜಿನ ಕೊಳವೆ ಬೇಕಂತೆ! ನಿಮಗೆ ಇದನ್ನು ಹೇಳಿದಾಗ ಅಂಗಡಿಯ ಸ್ಟೂಲು ಅಲುಗುವಂತೆ ನಕ್ಕಿರಿ. ನಿಮ್ಮ ಮಾತು ಮೀರಿದ್ದಕ್ಕೆ ಬೈಯಲಿಲ್ಲ. ಲೆನ್ಸಿನ ತಿರುಪು ನನ್ನ ಹಳೇ ಬಾಡಿಗೆ ಸರಿಯಾಗಿ ಕೂರುತ್ತದೆಯೋ ಎಂದು ಮೂರು ಸಲ ಹಾಕಿ ತೆಗೆದು ನೋಡಿದಿರಿ. ಒಂದು ಸಲವಾದರೂ ಬೈದಿದ್ದರೆ…

ಆ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಯಲಹಂಕಕ್ಕೆ ಹೋಗಿ, ಅಲ್ಲಿಂದ ಪುಟ್ಟೇನಹಳ್ಳಿ ಕೆರೆಗೆ ನಡೆದೆವು. ಆರು ವರ್ಷದಿಂದ ಅಲ್ಲಿ ನಾವಿಬ್ಬರೂ ಒಂದೇ ಪೊದೆಯ ಕೆಳಗೆ ಭುಜಕ್ಕೆ ಭುಜ ತಾಗಿಸಿ ಕೂತವರು. ನಿಮ್ಮ ಉಸಿರಿನ ಲೆಕ್ಕವೂ ನನಗೆ ಗೊತ್ತಾಗುತ್ತಿತ್ತು. ಆದರೆ ನಾನ್ನೂರರ ಲೆನ್ಸಿಗೆ ಹತ್ತಿರದ್ದು ಕಾಣುವುದಿಲ್ಲ, ದೂರ ಬೇಕು. ನಾನು ಎದುರು ದಡಕ್ಕೆ ಹೋಗುತ್ತೇನೆ ಅಂದೆ. "ಹೋಗಪ್ಪಾ ಹೋಗು, ನಿನ್ ಫಿರಂಗಿ ಹೊತ್ಕೊಂಡು. ಒಂಬತ್ತಕ್ಕೆ ಕಟ್ಟೆ ಮೇಲೆ ಟೀ ಕುಡಿಯೋಣ," ಅಂದಿರಿ. ಅದೇ ನೀವು ನನ್ನ ಜೊತೆ ಆಡಿದ ಕೊನೆಯ ಮಾತು.

ನೀವು ನನಗೆ ಹೇಳಿಕೊಟ್ಟ ಮೊದಲ ಪಾಠ ಯಾವುದು ಹೇಳಿ? ಕೂತರೆ ಕಲ್ಲಾಗಬೇಕು. ಕೆಮ್ಮಬಾರದು, ಕರೆಯಬಾರದು, ಕೈ ಆಡಿಸಬಾರದು. ಒಂದು ಸಲ ನೀರುಹಾವು ನಿಮ್ಮ ಪಾದದ ಮೇಲೆ ಹರಿದು ಹೋದಾಗಲೂ ನೀವು ಮಿಸುಕಿರಲಿಲ್ಲ. ಪಕ್ಕದಲ್ಲಿದ್ದ ನನಗೇ ಜೀವ ಬಾಯಿಗೆ ಬಂದಿತ್ತು. ಅಂಥವರು ಮಿಸುಕದೆ ಕೂತರೆ ನಾನು ಯಾಕೆ ಗಾಬರಿಯಾಗಲಿ?

ಎದುರು ದಡದಲ್ಲಿ ಬಿಸಿಲು ಬರುವ ತನಕ ಕೊಕ್ಕರೆಗಳು ದೂರವೇ ಇದ್ದವು. ಸುಮ್ಮನಿರಲಾರದೆ ಲೆನ್ಸನ್ನು ನಿಮ್ಮತ್ತ ತಿರುಗಿಸಿದೆ. ನೀರಿನಾಚೆ ಅಷ್ಟು ದೂರದಲ್ಲಿದ್ದವರು ಕೈಗೆ ಸಿಗುವಷ್ಟು ಹತ್ತಿರ ಬಂದಿರಿ. ನೀವು ಯಾರಿಗೂ ಫೋಟೋ ತೆಗೆಯಲು ಬಿಟ್ಟವರಲ್ಲ, "ನನ್ ಮೂತಿಗೆ ಫಿಲ್ಮ್ ದಂಡ" ಅನ್ನುತ್ತಿದ್ದಿರಿ. ಸಿಕ್ಕಿಬಿದ್ದಿರಿ ಗುರುಗಳೇ ಅಂದುಕೊಂಡು ಒತ್ತಿದೆ. ನಾಲ್ಕು ಸಲ ಒತ್ತಿದ ಮೇಲೆ ಒಂದು ಕೊಳದ ಬಕ ಬಂದು ನಿಮ್ಮ ಬೂಟಿನ ಪಕ್ಕದಲ್ಲೇ ನಿಂತಿತು. ನಡುವೆ ಒಂದು ಮೊಳ ಅಂತರವೂ ಇರಲಿಲ್ಲ. ಆಗ ಯಲಹಂಕದ ಕಡೆಯಿಂದ ಬೆಳಗಿನ ಪ್ಯಾಸೆಂಜರ್ ರೈಲು ಕೂಗಿದ್ದು ಚೆನ್ನಾಗಿ ನೆನಪಿದೆ. ಅದು ಏಳೂಕಾಲರ ಗಾಡಿ. ನಾನು ಮತ್ತೆ ಒತ್ತಿದೆ. ಅರ್ಧ ಗಂಟೆ ಬಿಟ್ಟು ನೋಡಿದೆ, ಬಕ ಅಲ್ಲೇ ಇದೆ, ನೀವೂ ಹಾಗೇ ಇದ್ದೀರಿ. ವಾಹ್ ಅಂದೆ. ತಪಸ್ಸು ಅಂದರೆ ಇದಪ್ಪಾ ಅಂದೆ. ಮತ್ತೆ ಒತ್ತಿದೆ.

ಒಂಬತ್ತಕ್ಕೆ ಏರಿ ಸುತ್ತಿ ನಿಮ್ಮ ಬಳಿ ಬಂದು, "ಎದ್ದೇಳಿ ಅಣ್ಣ, ಟೀ ಆರ್ತದೆ," ಅಂದೆ. ಬಕ ಹಾರಿತು. ಭುಜ ಮುಟ್ಟಿದೆ. ನೀವು ಪಕ್ಕಕ್ಕೆ ವಾಲಿದಿರಿ. ಕೈ ತಣ್ಣಗಿತ್ತು, ಚಳಿಗೆ ಇರಬೇಕು ಅಂದುಕೊಂಡೆ. ಹಾಲಿನ ಕ್ಯಾನು ಒಯ್ಯುತ್ತಿದ್ದ ಗಾಡಿಯವರು ನಿಲ್ಲಿಸಿ ಎತ್ತಿ ಹಾಕಿಕೊಂಡರು. ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ಹಿಡಿದು, ಹೃದಯ ನಿಂತುಹೋಗಿದೆ ಅಂದರು, ಅಷ್ಟೇ. ಜಯಮ್ಮ ಅತ್ತಿಗೆ ಓಡಿ ಬಂದು ನನ್ನ ಅಂಗಿ ಹಿಡಿದುಕೊಂಡರು. ಯಾವಾಗ ಆಯ್ತು, ಯಾವಾಗ ಆಯ್ತು ಎಂದು ಕೇಳಿದರು. "ನಾನು ಅವರ ಹತ್ರ ಹೋಗೋ ಹತ್ತು ನಿಮಿಷ ಮುಂಚೆ ಅತ್ತಿಗೆ," ಅಂದೆ. ನಿಜವಾಗಿಯೂ ಹಾಗೆಂದೇ ನಂಬಿದ್ದೆ.

ಏಳನೇ ದಿನ ಅತ್ತಿಗೆ ಹೇಳಿ ಕಳಿಸಿದರು. ತಿಥಿಗೆ ಹಾರ ಹಾಕಲು ಮನೆಯಲ್ಲಿ ನಿಮ್ಮದೊಂದು ಫೋಟೋ ಇಲ್ಲ. ಊರಿನವರ ಕ್ಯಾಮೆರಾವನ್ನೆಲ್ಲಾ ರಿಪೇರಿ ಮಾಡಿದ ಮನುಷ್ಯನ ಮನೆಯಲ್ಲಿ! "ಮದ್ವೇದು ಒಂದೈತೆ ಕಣಪ್ಪ, ಅದ್ರಾಗೆ ಮೀಸೆನೇ ಬಂದಿಲ್ಲ. ನಿನ್ತಾವ ಏನಾರ ಐತಾ?" ಇದೆ ಅತ್ತಿಗೆ, ಹನ್ನೊಂದು ಇವೆ ಅಂದೆ. ಹಾಗೆ ಹೇಳುವಾಗ ನನಗೆ ಎಂಥದೋ ಹೆಮ್ಮೆ.

ಮಾರನೆಯ ಮಧ್ಯಾಹ್ನ ಫಿಲ್ಮು ತೊಳೆದು ಒಣಗಿಸಿ, ಪ್ರಿಂಟು ಹಾಕಲು ನಮ್ಮ ಬಚ್ಚಲಿನ ಕಿಟಕಿಗೆ ಕರಿ ಬಟ್ಟೆ ಕಟ್ಟಿ ಕೂತೆ. ಬಕ ಇರುವ ಚಿತ್ರವೇ ಚೆಂದ ಅನಿಸಿ ಒಂಬತ್ತನೆಯದನ್ನು ದೊಡ್ಡದು ಮಾಡಿದೆ. ಕೆಂಪು ದೀಪದಲ್ಲಿ, ತಟ್ಟೆಯ ನೀರಿನಲ್ಲಿ, ನಿಮ್ಮ ಶಾಲು ಮೂಡಿತು, ಆಮೇಲೆ ಮೀಸೆ, ಆಮೇಲೆ ಮುಖ. ಎಷ್ಟು ಶಾಂತವಾಗಿದ್ದಾರೆ ಅಂದುಕೊಂಡೆ. ಬಿಳಿ ದೀಪ ಹಾಕಿ ಭೂತಗನ್ನಡಿ ಹಿಡಿದೆ. ಕಣ್ಣು ಅರ್ಧ ತೆರೆದಿತ್ತು. ರೆಪ್ಪೆಯ ಅಂಚಿನಲ್ಲಿ ಒಂದು ನೊಣ ಕೂತಿತ್ತು.

ಗೋವಿಂದಣ್ಣ, ಆ ಲೆನ್ಸು ಎಷ್ಟು ಚೆನ್ನಾಗಿ ಬರೆಯುತ್ತದೆ ಗೊತ್ತಾ? ನೊಣದ ರೆಕ್ಕೆಯೂ ಕಾಣುತ್ತಿತ್ತು.

ತಟ್ಟೆ ಕೈ ತಪ್ಪಿ ಬಿದ್ದು ಅಮ್ಮಿ ಹೊರಗಿನಿಂದ "ಕ್ಯಾ ಹುವಾ ರೇ?" ಅಂದರು. ಏನಿಲ್ಲ ಅಂದೆ. ನೆಗೆಟಿವನ್ನು ದೀಪಕ್ಕೆ ಹಿಡಿದು ಒಂದೊಂದಾಗಿ ನೋಡಿದೆ. ಮೊದಲ ಮೂರರಲ್ಲಿ ನೀವು ಕ್ಯಾಮೆರಾ ಏರಿಸುತ್ತೀರಿ, ಇಳಿಸುತ್ತೀರಿ. ನಾಲ್ಕನೆಯದರಲ್ಲಿ ಕನ್ನಡಕ ಹಣೆಗೇರಿಸಿ ನೀರಿನ ಕಡೆ ನೋಡಿ ಏನಕ್ಕೋ ನಗುತ್ತಿದ್ದೀರಿ. ಐದನೆಯದು ರೈಲು ಕೂಗಿದಾಗ ತೆಗೆದದ್ದು, ಅದರಲ್ಲಿ ಗದ್ದ ಎದೆಗೆ ತಾಗಿದೆ, ಕನ್ನಡಕ ತೊಡೆಯ ಮೇಲಿದೆ. ಅಲ್ಲಿಂದ ಹನ್ನೊಂದರವರೆಗೆ ಒಂದೇ ಚಿತ್ರ. ಬಕ ಮಾತ್ರ ಜಾಗ ಬದಲಿಸಿದೆ.

ಏಳೂಕಾಲರಿಂದ ಒಂಬತ್ತು. ಅಷ್ಟು ಹೊತ್ತು ನೀವು ಅಲ್ಲಿ… ನಾನು ಇಲ್ಲಿ ಕೂತು ನಿಮ್ಮನ್ನು ನೋಡುತ್ತಾ, ಮೆಚ್ಚುತ್ತಾ, ಏಳು ಸಲ ಒತ್ತಿದ್ದೇನೆ. ನಿಮ್ಮ ಮಾತು ಕೇಳಿ ಇನ್ನೂರನ್ನು ತರಿಸಿದ್ದರೆ ನಿಮ್ಮ ಪಕ್ಕದಲ್ಲೇ ಇರುತ್ತಿದ್ದೆ. ನೀವು ವಾಲಿದ್ದರೆ ನನ್ನ ಭುಜಕ್ಕೇ ವಾಲುತ್ತಿದ್ದಿರಿ. ಆಗ ಉಳಿಯುತ್ತಿದ್ದಿರಾ? ಡಾಕ್ಟರನ್ನು ಹೋಗಿ ಕೇಳುವ ಧೈರ್ಯ ನನಗಿಲ್ಲ. ಉಳಿಯುತ್ತಿರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಒಬ್ಬರೇ ಹೋಗುವುದಾದರೂ ತಪ್ಪುತ್ತಿತ್ತಲ್ಲ.

ಹನ್ನೊಂದನೇ ದಿನದ ತಿಥಿಗೆ ನಾಲ್ಕನೆಯದನ್ನು ಕಟ್ಟು ಹಾಕಿಸಿ ಒಯ್ದೆ. ಅತ್ತಿಗೆ ಸೆರಗಿನಿಂದ ಗಾಜು ಒರೆಸಿ, ತುಂಬಾ ಹೊತ್ತು ನೋಡಿದರು. "ಇಂಗೇ ನಗ್ತಿದ್ರು ನೋಡು, ಯಾರ್ನಾರ ಆಡ್ಕೊಳ್ಳೋವಾಗ," ಅಂದರು. ಆಮೇಲೆ ಆಸ್ಪತ್ರೆಯಲ್ಲಿ ಕೇಳಿದ್ದನ್ನೇ ಮತ್ತೆ ಕೇಳಿದರು. "ನೀನು ಓಗೋ ಅತ್ತು ನಿಮಿಷ ಮುಂಚೆ ತಾನೇ?"

ಈಗ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೂಂ ಅಂದೆ.

"ಅಂಗಾರೆ ಬಾಳೊತ್ತು ಒಬ್ರೇ ಇರ್ನಿಲ್ಲ ಬುಡು," ಅಂದರು. ಎಷ್ಟೋ ದಿನದ ಮೇಲೆ ಕಾಲು ಚಾಚಿ ಗೋಡೆಗೆ ಒರಗಿ ಕೂತರು. ನಾನು ಚಪ್ಪಲಿ ಮೆಟ್ಟಿ ಬೀದಿಗೆ ಬಂದೆ. ಯಾವ ಬಸ್ಸು ಹತ್ತಿ ಮನೆಗೆ ಬಂದೆನೋ ನೆನಪಿಲ್ಲ.

ಆ ದಿನದಿಂದ ಇದು ನುಂಗಲಾರದ, ಉಗುಳಲಾರದ ತುತ್ತಾಗಿದೆ. ಹೇಳಿದರೆ ಅವರ ನೆಮ್ಮದಿ ಹೋಗುತ್ತದೆ, ಬಿಟ್ಟರೆ ನಾನು ಅವರ ಮುಂದೆ ನಿಲ್ಲುವ ಯೋಗ್ಯತೆ ಕಳೆದುಕೊಳ್ಳುತ್ತೇನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಯಾರದೋ ಕ್ಯಾಮೆರಾದ ಶಟರು ನಿಮ್ಮ ಕೈಯಲ್ಲಿ ಮುರಿದಾಗ, ನಾನು ಹೇಳಬೇಡಿ ಅಂದರೂ ನೀವು ಆ ಗಿರಾಕಿಯ ಮನೆಗೇ ಹೋಗಿ ಹೇಳಿ ಬಂದವರು. ಅವನು ಬಾಯಿಗೆ ಬಂದಂತೆ ಬೈದದ್ದನ್ನು ದಾರಿಯುದ್ದಕ್ಕೂ ನನಗೆ ಹೇಳಿ ನಕ್ಕಿರಿ.

ನಿನ್ನೆ ಅತ್ತಿಗೆ ಕಾರ್ಖಾನೆಗೇ ಫೋನು ಮಾಡಿಸಿದ್ದರು. ಚಿಕ್ಕಜಾಲದ ತವರಿನಿಂದ ಅವರೆಕಾಯಿ ಬಂದಿದೆಯಂತೆ, ಭಾನುವಾರ ಸಾರು ಮಾಡುತ್ತಾರಂತೆ, ನಾನು ಊಟಕ್ಕೆ ಹೋಗಲೇಬೇಕಂತೆ. ಹೋಗುತ್ತೇನೆ ಗೋವಿಂದಣ್ಣ. ಹನ್ನೊಂದು ಚಿತ್ರಗಳನ್ನೂ ತೆಗೆದುಕೊಂಡು ಹೋಗುತ್ತೇನೆ. ಊಟವಾದ ಮೇಲಲ್ಲ, ಮುಂಚೆಯೇ ಎಲ್ಲವನ್ನೂ ಹೇಳುತ್ತೇನೆ. ಅದಾದ ಮೇಲೂ ಅವರು ನನಗೆ ತಟ್ಟೆ ಹಾಕಿದರೆ, ಕೂತು ಉಣ್ಣುತ್ತೇನೆ.

ನಿಮ್ಮ
ಅನ್ವರ್