ಮೂರು ಸಲ ನುಡಿಸಿದ ಹಾಡು

ಮಹಾಲಿಂಗಪುರ
ರವಿವಾರ, ತಾ. ೧೪-೨-೧೯೩೭

ಬನಹಟ್ಟಿಯಲ್ಲಿರುವ ನನ್ನ ಯಜಮಾನರಿಗೆ ಅನಸವ್ವನ ಶರಣು.

ನಾನು ಬೋರವ್ವಕ್ಕನ ಮನೆಯಲ್ಲಿ ಕ್ಷೇಮವಾಗಿದ್ದೇನೆ. ಜಮಖಂಡಿಯಿಂದ ನಿಮಗೆ ಹೇಳದೆ ಹೊರಟು ಬಂದದ್ದು ತಪ್ಪು. ಜನ ನಿಮಗೆ ಹಾರ ಹಾಕುತ್ತಿದ್ದರು, ಹತ್ತಿರ ಬರಲು ದಾರಿಯಿರಲಿಲ್ಲ ಎಂದು ಬರೆಯಬಹುದಿತ್ತು. ಅದು ನೆಪ. ದಾರಿ ಇತ್ತು. ನನಗೇ ಬರಬೇಕೆನಿಸಲಿಲ್ಲ.

ನನಗೆ ಅಕ್ಷರ ಕಲಿಸಿದವರು ನೀವು. ಮಗ್ಗದ ಪಕ್ಕ ಕೂಡಿಸಿಕೊಂಡು ನಿಮ್ಮ ನಾಟಕದ ಹಾಡುಗಳ ವಹಿಯನ್ನೇ ಓದಿಸಿದಿರಿ. ಆ ಉಪಕಾರ ಮರೆತಿಲ್ಲ. ಬಾಯಿಂದ ಆಡಲಾಗದ್ದನ್ನು ಅದೇ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ.

ಶುಕ್ರವಾರ ಮಧ್ಯಾಹ್ನ ಆ ಹಳೆಯ ದರಬಾರ ಹಾಲಿನಲ್ಲಿ, ರಾಜಾ ಸರಕಾರದ ಮುಂದೆ, ಒಬ್ಬ ನೇಕಾರನ ಹಾಡುಗಳನ್ನು ನುಡಿಸಲು ಮಿರಜದಿಂದ ಮೂವತ್ತು ಮಂದಿ ವಾದ್ಯದವರು ಬಂದು ಕುಳಿತಿದ್ದರು. ಪಿಟೀಲು, ಕ್ಲಾರಿಯೊನೆಟ್, ಪೇಟಿ, ತಬಲಾ ಎಲ್ಲ ಒಮ್ಮೆಗೇ ದನಿಯೆತ್ತಿದಾಗ ನನ್ನ ಎದೆಯೂ ಉಬ್ಬಿತು. ಹೆಂಗಸರನ್ನು ಮಾಳಿಗೆಯ ಮೇಲೆ ಬಿದಿರ ಪರದೆಯ ಹಿಂದೆ ಕೂಡಿಸಿದ್ದರು. ನಿಮ್ಮ ಪೇಟವಷ್ಟೇ ಕಾಣುತ್ತಿತ್ತು.

ಆಮೇಲೆ ಕೌದಿಯ ಹಾಡು ಸುರುವಾಯಿತು.

ನಮ್ಮ ಶೇವಂತಿ ಜ್ವರದಲ್ಲಿ ಹೋದ ದಿನ, ಬೆಳಿಗ್ಗೆಯಷ್ಟೇ ಒಗೆದು ಹಾಕಿದ್ದ, ಅವಳು ಹೊದೆಯುತ್ತಿದ್ದ ಕೌದಿಯನ್ನು ತಬ್ಬಿಕೊಂಡು, "ನಿನ್ನ ಕೌದಿ ಇನ್ನಾ ಆರಿಲ್ಲವ್ವಾ, ಹೋಗಾಕ ಏನ ಅವಸರಿತ್ತ?" ಎಂದು ನಾನು ಅತ್ತೆ. ನೀವು ಬಾಗಿಲಲ್ಲಿ ನಿಂತು ಬರೆದುಕೊಳ್ಳುತ್ತಿದ್ದಿರಿ. ನಾನು ನೋಡಿದೆ. ನೋಡಿದೆನೆಂದು ಒಂಬತ್ತು ವರ್ಷ ಹೇಳಲಿಲ್ಲ.

ಆರು ತಿಂಗಳಲ್ಲಿ ಆ ಮಾತು ಕಂಪನಿ ನಾಟಕದ ರಾಣಿಯ ಬಾಯಿಗೆ ಬಂತು. ನಮ್ಮ ಮಗಳು ರಾಜಕುಮಾರನಾದಳು. ಈಗ ಓಣಿಯ ಹೆಂಗಸರು ನೂಲು ಸುತ್ತುತ್ತ ಅದನ್ನೇ ಹಾಡುತ್ತಾರೆ. ಅಂದಿನಿಂದ ಅವಳನ್ನು ನೆನೆದು ಅಳಲು ನನಗೆ ಆಗಿಲ್ಲ. ಅಳು ಗಂಟಲಿಗೆ ಬರುವಷ್ಟರಲ್ಲಿ ನಿಮ್ಮ ರಾಗ ಬಂದು ಕೂಡುತ್ತದೆ. ಯಾರದೋ ಮಾತನ್ನು ಕದ್ದು ಅತ್ತಂತೆ ನಾಚಿಕೆಯಾಗುತ್ತದೆ.

ಹಾಡು ಮುಗಿಯುತ್ತಲೇ ಕೆಳಗಿನಿಂದ "ವನ್ಸ್ ಮೋರ್" ಎಂದು ಕೂಗಿದರು. ಮತ್ತೆ ನುಡಿಸತೊಡಗಿದರು. ನಾನು ಎದ್ದು ಮೆಟ್ಟಿಲ ಕಡೆ ಹೋದೆ. ಅಲ್ಲಿ ಕಾವಲಿಗೆ ಕೂತಿದ್ದ ಮುದುಕಿ ನನ್ನ ಸೆರಗು ಹಿಡಿದಳು.

"ಎಲ್ಲಿಗ್ರಿ? ಸರಕಾರ ಏಳೂತನಕ ಯಾರೂ ಏಳಂಗಿಲ್ರಿ."

"ಉಸರ ಕಟ್ಟಾಕತ್ತೈತ್ರಿ," ಅಂದೆ.

"ಎಲ್ಲಾರಿಗೂ ಕಟ್ಟತೈತ್ರಿ. ಅಂಥಾ ಹಾಡ ಅದು. ಕೂಡ್ರಿ."

ಕೂತೆ. ಪಕ್ಕದಲ್ಲಿ ತೇರದಾಳದ ಬಾಳವ್ವ ಎಂಬಾಕೆ ಅಳುತ್ತಿದ್ದಳು. ಎರಡು ಮಕ್ಕಳನ್ನು ಕಳಕೊಂಡವಳಂತೆ. ನಾನು ಯಾರೆಂದು ಗೊತ್ತಾಗಿ ನನ್ನ ಕೈ ಹಿಡಿದಳು. "ಈ ಹಾಡ ಇರಲಿಲ್ಲಂದ್ರ ನಾ ಬಾವಿಗಿ ಬೀಳತಿದ್ನಿರಿ. ನಿಮ್ಮ ಯಜಮಾನ್ರಿಗೆ ಹೇಳ್ರಿ," ಅಂದಳು. ಹೇಳಿದ್ದೇನೆ. ಆಕೆಯ ಮುಂದೆ ನಿಮ್ಮ ಮೇಲೆ ಸಿಟ್ಟಾಗುವುದಕ್ಕೂ ನನಗೆ ಜಾಗ ಉಳಿಯಲಿಲ್ಲ.

ಅಷ್ಟರಲ್ಲಿ ವೇದಿಕೆಯ ಮೇಲೆ ಯಾರೋ ಕೇಳಿದರು: "ಮಲಕಾಜಪ್ಪನವರ, ಈ ಹಾಡು ಹೆಂಗ ಹುಟ್ಟಿತ್ರಿ?"

"ಮಗ್ಗದಾಗ ಕೂತಿದ್ನಿರಿ. ತಾನ ಬಂತು. ದೇವರ ದಯಾ," ಎಂದಿರಿ.

ತಾನೇ ಬಂತೇ? ನನ್ನ ಹೆಸರು ಬೇಡ. ಅವಳದೊಂದು ಹೆಸರು ಹೇಳಿದ್ದರೆ ಸಾಕಿತ್ತು. ನಿಮ್ಮ ದನಿ ನಡುಗಿದ್ದು ಆ ಸಭೆಯಲ್ಲಿ ನನಗೊಬ್ಬಳಿಗೇ ಗೊತ್ತಾಯಿತು. ಅದಕ್ಕೇ ನಿಮ್ಮನ್ನು ಪೂರ್ತಿ ದೂರಲೂ ಆಗದೆ ಒದ್ದಾಡುತ್ತಿದ್ದೇನೆ. ಮೂರನೆಯ ಸಲವೂ ನುಡಿಸಿದರು. ಸರಕಾರ ಎದ್ದ ಮೇಲೆ ನಾನು ಹಿಂದಿನ ಮೆಟ್ಟಿಲಿಳಿದು, ಈ ಊರಿಗೆ ಹೊರಟಿದ್ದ ಬಂಡಿ ಹತ್ತಿದೆ.

ಯಾವಾಗ ಬರುತ್ತೀ ಎಂದು ಕೇಳಬೇಡಿ. ಬರುವವಳೇ, ಇನ್ನೆಲ್ಲಿಗೆ ಹೋಗಲಿ? ಇಲ್ಲಿ ಅಕ್ಕನ ಸೊಸೆಯೂ ಆ ಹಾಡು ಹೇಳಿಯೇ ಕೂಸನ್ನು ಮಲಗಿಸುತ್ತಾಳೆ. ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ. ಅಲ್ಲಿಗೂ ಕೇಳಿಸುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿರಿ.

ನಿಮ್ಮ ಮನೆಯವಳು,
ಶೇವಂತಿಯ ತಾಯಿ,
ಅನಸವ್ವ

ತಾ.ಕ.: ಒಂದು ಸಂಗತಿ ಬರೆಯದೆ ಬಿಟ್ಟಿದ್ದೆ. ಮೂರನೆಯ ಸಲ ನುಡಿಸಿದಾಗ ಪರದೆಯ ಹಿಂದಿನ ಹೆಂಗಸರೆಲ್ಲ ದನಿಗೂಡಿಸಿದರು. ನಾನೂ ಹಾಡಿದೆ. ರಾಜಕುಮಾರನ ಹೆಸರು ಬರುವ ಕಡೆಯಲ್ಲೆಲ್ಲ ಶೇವಂತಿ ಎಂದು ಹಾಡಿದೆ. ಅಷ್ಟು ವಾದ್ಯಗಳ ನಡುವೆ ಯಾರಿಗೂ ಕೇಳಿಸಲಿಲ್ಲ. ಒಂಬತ್ತು ವರ್ಷದ ಮೇಲೆ ಅಳು ಬಂತು. ಇದನ್ನಾದರೂ ಹಾಡು ಮಾಡಬೇಡಿ.