ಉಪವಾಸವಿದ್ದ ಕೌದಿ

ಇಂಡಿ
ತಾ. 22-12-2024, ಭಾನುವಾರ, ಮುಂಜಾನೆ

ಪ್ರೀತಿಯ ಸುಮಂಗಲಾ,

ನಿನ್ನ ಅತ್ತೆ ರೇಣವ್ವನ ಮನಸಾರೆ ಆಶೀರ್ವಾದ. ಹೇಗಿದ್ದೀ ತಾಯಿ? ಚಳಿ ಬಿದ್ದರೆ ನಿನ್ನ ಹಿಮ್ಮಡಿಗಳು ಒಡೆಯುತ್ತವೆ. ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲ ಅಲ್ಲಿ ತವರಿನಲ್ಲಿ ಬೈಯಲು ಅತ್ತೆ ಇಲ್ಲವೆಂದು ಹಾಗೇ ಬಿಟ್ಟಿದ್ದೀಯೋ? ನಿಮ್ಮ ಅವ್ವನ ಮೊಣಕಾಲು ನೋವು ಈಗ ಹೇಗಿದೆ? ನಾನು ಆರಾಮ ಇದ್ದೇನೆ. ನಿನ್ನ ಮಾವನೂ ಆರಾಮ, ಆದರೆ ನಾನು ಊರು ಬಿಟ್ಟಾಗಿನಿಂದ ಒಲೆಯ ಮುಂದೆ ಅವರದೇ ದರಬಾರು. ಮೊನ್ನೆ ಫೋನಿನಲ್ಲಿ, "ರೇಣವ್ವಾ, ನಾ ಮಾಡಿದ ಪಲ್ಯಾ ಬೆಕ್ಕು ಸೈತ ಮೂಸಿ ನೋಡಿ ಹೋತು" ಎಂದು ಗೋಳಾಡಿದರು. ಎಳ್ಳಮಾವಾಸ್ಯೆ ಬೇರೆ ಹತ್ತಿರ ಬಂತು. ಹೋದ ವರ್ಷ ಭೂಮಿತಾಯಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಊಟದ ಬುಟ್ಟಿಯನ್ನು ನನಗೆ ಮುಟ್ಟಲೂ ಕೊಡದೆ ನೀನೇ ಹೊತ್ತಿದ್ದೆ. ಈ ವರ್ಷ ಬುಟ್ಟಿ ಹಗುರವಾಗಿಯೇ ಇರುತ್ತದೆ, ತಿನ್ನುವ ಬಾಯಿ ಕಡಿಮೆ. ಆದರೂ ಅದನ್ನು ಹೊರುವುದು ನನಗೆ ಭಾರವೆನ್ನಿಸುತ್ತಿದೆ.

ಫೋನು ಇರುವಾಗ ಅತ್ತೆಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನು ಹಚ್ಚಿದರೆ ನೀನು "ಊಟಾ ಆತೇನ್ರಿ ಅತ್ತಿ" ಅನ್ನುತ್ತೀ, ನಾನು "ಆತವ್ವಾ, ನಿಂದು?" ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿ ನಿವೃತ್ತಳಾದವಳು ನಾನು, ನನ್ನ ಸೊಸೆಗೆ ನಾಲ್ಕು ಸಾಲು ಬರೆಯಲಾರೆನೇ?

ನಿಮ್ಮ ಅಪ್ಪ ದೀಪಾವಳಿ ಆದ ಮೇಲೆ ನಮ್ಮ ಮನೆಗೆ ಬಂದು ಕೇಳಿದ ಮಾತಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ, ಗೊತ್ತಿದೆ. ನಿಡಗುಂದಿಯ ದನದ ದವಾಖಾನೆಯಲ್ಲಿ ಕೆಲಸ ಮಾಡುವ ಸಂಜೀವಕುಮಾರನಿಗೆ ಹೆಂಡತಿ ತೀರಿಕೊಂಡಿದ್ದಾಳೆ, ಮನುಷ್ಯ ಒಳ್ಳೆಯವನು, ನಿನ್ನನ್ನು ಕೇಳುತ್ತಿದ್ದಾನೆ, ಉಡಿಕಿ ಮದುವೆ ಮಾಡಿಕೊಟ್ಟರೆ ಗಂಡನನ್ನು ಕಳೆದುಕೊಂಡ ನಿನಗೂ ಇನ್ನೊಂದು ಸಂಸಾರವಾಗುತ್ತದೆ ಎಂದರು. ಹೇಳುವಷ್ಟು ಹೊತ್ತೂ ಪಾಪ, ಚಹದ ಬಸಿಯನ್ನೇ ನೋಡುತ್ತಿದ್ದರು. "ಅವ ಎಮ್ಮಿಗೆ ಸೂಜಿ ಹಾಕಾಕ ಬಂದಾಗ ನಮ್ಮ ಸುಮಂಗಲಾ ಏನೋ ಮಾತಿಗೆ ನಕ್ಕಳ್ರೀ ಅಕ್ಕಾರ. ಆಕಿ ನಗೂದು ನಾ ಕೇಳಿ ಭಾಳ ದಿನಾ ಆಗಿತ್ತು. ಖರೆ ಆಕಿ ಒಂದ ಮಾತು ಹೇಳ್ಯಾಳ, ಅತ್ತಿ ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಒಲ್ಲೆ." ನಾನು "ಇಂಡಿ ಪ್ರದರ್ಶನ ಮುಗೀಲಿ, ಹೇಳ್ತೇನಿ" ಎಂದು ಅವರನ್ನು ಕಳಿಸಿದೆ. ಪ್ರದರ್ಶನಕ್ಕೂ ನಿನ್ನ ಮದುವೆಗೂ ಏನು ಸಂಬಂಧ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ನಗು ನನ್ನ ಮನೆಯಲ್ಲಿ ಕೇಳಿಸಲಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ, ಎದ್ದು ಬಂದು ಎದೆಗೆ ಒದೆಯುತ್ತೀಯೇನು?

ಇರಲಿ, ಇಲ್ಲಿಯ ಸುದ್ದಿ ಕೇಳು. ಹೋದ ವರ್ಷ ನಾವಿಬ್ಬರೂ ಕೌದಿ ಹೊತ್ತು ಬಸವನ ಬಾಗೇವಾಡಿಗೆ ಹೋಗಿದ್ದೆವಲ್ಲ, ಅದೇ ಮಹಿಳಾ ಸಂಘಗಳ ಪ್ರದರ್ಶನ ಈ ಸಲ ಇಂಡಿಯಲ್ಲಿ. ಮಳಿಗೆ ಮುಚ್ಚುವ ಹೊತ್ತಿಗೆ ದೇವರ ಹಿಪ್ಪರಗಿ ಕಡೆಯ ಬಸ್ಸು ಹೋಗಿಬಿಟ್ಟಿರುತ್ತದೆ, ಹಾಗಾಗಿ ಮೈದಾನದ ಎದುರಿನ ಲಾಡ್ಜಿನಲ್ಲಿ ಕೋಣೆ ಹಿಡಿದೆ. ಕೆಳಗೆ ಖಾನಾವಳಿ, ಮೇಲೆ ಲಾಡ್ಜು. ಕೌಂಟರಿನಲ್ಲಿ ಜಾಹಿದ ಅಂತ ಮ್ಯಾನೇಜರ, ಒಳ್ಳೆಯವನೇ, ಆದರೆ ತಲೆ ಎತ್ತದೆ ಮಾತಾಡುವ ಚಟ. "ಎಷ್ಟ ಮಂದಿ ಅದೀರಿ ಆಯಿ?" ಎಂದ. "ನಾನೂ ನನ್ನ ಸೊಸಿ" ಎಂದುಬಿಟ್ಟೆ. ಬಾಯಿಗೆ ರೂಢಿ ಬಿದ್ದ ಮಾತು, ತಾನೇ ಬಂತು. "ಇಬ್ಬರದೂ ಆಧಾರ ಝೆರಾಕ್ಸ್ ಕೊಡ್ರಿ" ಎಂದ. ಕೈಯೂ ತಾನೇ ಸಂಚಿಗೆ ಹೋಯಿತು. ಬಾಗೇವಾಡಿಗೆಂದು ತೆಗೆಸಿದ ನಿನ್ನ ಝೆರಾಕ್ಸು ಅದರಲ್ಲಿ ಎಲೆ ಅಡಿಕೆಯ ಜೊತೆ ಇನ್ನೂ ಮಡಚಿಕೊಂಡು ಕೂತಿತ್ತು. ಕೊಟ್ಟೆ, ಅವನು ಬರೆದುಕೊಂಡ. ಅರ್ಧ ಮೆಟ್ಟಿಲು ಹತ್ತಿದ ಮೇಲೆ ನೆನಪಾಯಿತು, ನೀನು ನನ್ನ ಹಿಂದೆ ಇಲ್ಲ ಎಂದು. ಇಳಿದು ಹೋಗಿ ಹೇಳಬೇಕು ಅಂದುಕೊಂಡೆ, ಕಾಲು ಏಳಲಿಲ್ಲ. ಇಂಡಿಯ ಲಾಡ್ಜಿನವರ ಲೆಕ್ಕದಲ್ಲಾದರೂ ಸೊಸೆ ನನ್ನ ಜೊತೆಗಿರಲಿ ಬಿಡು ಎಂದು ಸುಮ್ಮನಾದೆ.

ಸಂಜೆಗೆ ಆ ಸೊಸೆಯ ಜಾಗಕ್ಕೆ ಚಂದವ್ವ ಬಂದಳು. ನಿಮ್ಮ ಮುದ್ದೇಬಿಹಾಳ ತಾಲ್ಲೂಕಿನವಳೇ, ನಿಮ್ಮ ಊರಿನ ಮಗ್ಗುಲ ಊರು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಹೀಗೆ ಚಟ್ನಿಪುಡಿ ಮಾರುತ್ತಾಳೆ. ನನಗಿಂತ ಹಿರಿಯಳು, ಮುಂದಿನ ಹಲ್ಲುಗಳು ಎಂದೋ ಹೋಗಿವೆ. ಖರ್ಚು ಹಂಚಿಕೊಂಡರೆ ಇಬ್ಬರಿಗೂ ಅನುಕೂಲ ಎಂದು ಕರೆದುಕೊಂಡೆ. ಜಾಹಿದ ಅಂದು ಮೊದಲ ಸಲ ತಲೆ ಎತ್ತಿದ. ಅವಳನ್ನೂ ನಿನ್ನ ಝೆರಾಕ್ಸನ್ನೂ ನೋಡಿ, "ಇವರೇನ್ರಿ ನಿಮ್ಮ ಸೊಸಿ?" ಎಂದ. ಚಂದವ್ವ ಸೆರಗು ಮುಂದೆ ಎಳೆದುಕೊಂಡು, "ಹೌದಪಾ, ಅತ್ತಿ ಕಾಟಕ್ಕ ಹಿಂಗಾಗೇನಿ" ಎಂದಳು! ಅಂದಿನಿಂದ ಅವನ ಬಾಯಲ್ಲಿ ಅವಳ ಹೆಸರು ಸೊಸಿ ಎಂದೇ ಆಯಿತು.

ಕೋಣೆ ನೋಡಿದ್ದರೆ ನೀನು ಮೂಗು ಮುರಿಯುತ್ತಿದ್ದೆ. ಟಿವಿ ಇದೆ, ಮಾತಾಡುತ್ತದೆ, ಮುಖ ತೋರಿಸುವುದಿಲ್ಲ. ಬೆಳಗ್ಗೆ ಒಂದು ಬಕೆಟ್ಟು ಬಿಸಿನೀರು, ತಡ ಮಾಡಿದರೆ ಅದೂ ತಣ್ಣಗೆ. ಕಿಟಕಿ ತೆಗೆದರೆ ಪ್ರದರ್ಶನದ ಪೆಂಡಾಲು, ಹಗಲೆಲ್ಲ ಮೈಕಿನ ಗದ್ದಲ. ಲಾಡ್ಜಿನವರು ಕೊಟ್ಟ ಚಾದರಕ್ಕೆ ಯಾರೋ ಸೇದಿದ ಬೀಡಿಯ ವಾಸನೆ. ನಾನು ನಮ್ಮ ಕೌದಿ ತೆಗೆದೆ. ಹೌದು, ಅದೇ ಕೌದಿ. ಮಾರಲು ತಂದದ್ದಲ್ಲ, ಅದಿಲ್ಲದೆ ನನಗೆ ನಿದ್ದೆ ಬಾರದು ಎಂದು ತಂದದ್ದು. ಝಳಕಿಯ ಹತ್ತಿರ ಗಾಡಿ ಅಪಘಾತವಾಗಿ ನನ್ನ ಮಗ, ನಿನ್ನ ಗಂಡ ಸುಭಾಸ, ಮನೆಗೆ ಬಾರದೆ ಹೋದ ಮೇಲೆ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿದೆವಲ್ಲ, ನೀನು ಗೋಡೆ ಕಡೆ, ನಾನು ಅಂಚಿಗೆ. ಇಲ್ಲಿಯೂ ಹಾಗೇ ಮಲಗಿದ್ದೇನೆ. ಬೆಳಗ್ಗೆ ಎದ್ದು ಚಂದವ್ವ, "ಅಷ್ಟ ಜಾಗಾ ಬಿಟ್ಟು ಕೆಳಗ ಬೀಳೂಹಂಗ ಮಲಗೀಯಲ್ಲ, ನಡಕ ಯಾರರೆ ಅದಾರೇನ ನಿಂಗ?" ಎಂದು ಬೈದಳು.

ಆ ಕೌದಿಯ ಒಂದೊಂದು ತುಂಡೂ ನನಗೆ ಬಾಯಿಪಾಠ. ಅಡಿಪದರಕ್ಕೆ ನಿನ್ನ ಮಾವನ ಧೋತರ, ಸುತ್ತ ನನ್ನ ಹಳೆಯ ಇಳಕಲ್ ಸೀರೆಯ ದಡಿ, ಮೂಲೆಗಳಿಗೆ ನಿನ್ನ ತವರಿನ ಹಸಿರು ಸೀರೆ, ನಟ್ಟನಡುವೆ ಸುಭಾಸನ ನೀಲಿ ಚೌಕಳಿ ಅಂಗಿ. ನೀನು ಆ ಅಂಗಿಯ ಕಿಸೆಯನ್ನು ಬಿಚ್ಚದೆ ಹಾಗೇ ಹೊಲಿದೆ, ನಾನು ಕಂಡೂ ಕಾಣದಂತಿದ್ದೆ. ಎಲ್ಲ ಹೊಲಿದಾಯಿತು, ಕೊನೆಯ ಮೂಲೆ ಮಾತ್ರ ಉಳಿಯಿತು. ಕೌದಿ ಹೊಟ್ಟೆ ಹಸಿದುಕೊಂಡು ಇರಬಾರದು, ಹಸಿದ ಕೌದಿ ಹೊದ್ದವರಿಗೆ ಬೆಚ್ಚಗಾಗದು ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಹೊಲಿದವರೆಲ್ಲ ಒಂದೊಂದು ರೊಟ್ಟಿ ಚೂರು ಆ ಮೂಲೆಯಲ್ಲಿಟ್ಟು ಆಮೇಲೆ ಬಾಯಿ ಮುಚ್ಚಬೇಕು. ಅವತ್ತೇ ನಿಮ್ಮ ಅಪ್ಪ ಪಂಚಮಿಗೆ ಕರೆಯಲು ಬಂದರು. "ನಾ ಹೊಳ್ಳಿ ಬಂದ ಮ್ಯಾಲ ಇಬ್ರೂ ಕೂಡಿ ತುತ್ತು ಇಡೂಣ್ರಿ ಅತ್ತಿ" ಎಂದು ಹೇಳಿ ನೀನು ಹೋದೆ. ಪಂಚಮಿಯ ಜೋಕಾಲಿ ಬಿಚ್ಚಿ ಎಷ್ಟೋ ದಿನವಾಯಿತು. ಮೂಲೆ ಹಾಗೇ ಇದೆ.

ನಿನ್ನೆ ಪ್ರದರ್ಶನದ ಕೊನೆಯ ದಿನ. ಮಧ್ಯಾಹ್ನ ನಾನು ಚಹಾ ಕುಡಿಯಲು ಹೋಗಿದ್ದೆ. ನನ್ನ ಕೌದಿಗಳೆಲ್ಲ ಮಾರಿಹೋಗಿ ಹಗ್ಗ ಬೋಳುಬೋಳಾಗಿತ್ತು. ಪಕ್ಕದ ಮಳಿಗೆಯ ಚಂದವ್ವ, ಪಾಪ ರೇಣವ್ವನಿಗೆ ಇನ್ನೊಂದು ವ್ಯಾಪಾರ ತಪ್ಪಬಾರದು ಎಂದು ಲಾಡ್ಜಿಗೆ ಓಡಿ ಹೋಗಿ ನಮ್ಮ ಕೌದಿಯನ್ನು ತಂದು ತೂಗುಹಾಕಿದ್ದಾಳೆ. ನಾನು ಬರುವಷ್ಟರಲ್ಲಿ ಸಿಂದಗಿಯ ಕಡೆಯ ಒಬ್ಬ ಹೊಸ ಮದುವೆಯ ಹುಡುಗಿ ಅದನ್ನು ಮೈತುಂಬ ಸುತ್ತಿಕೊಂಡು ನಿಂತಿದ್ದಳು, ಗಂಡ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದ. ಕೈಯ ಹಸಿರು ಬಳೆ ಇನ್ನೂ ಹೊಸದು. ನೀನು ನಮ್ಮ ಮನೆಗೆ ಬಂದಾಗ ಹಾಗೇ ಇದ್ದೆ. ಅವಳು ಮೂಲೆ ಹಿಡಿದು, "ಇಲ್ಲಿ ಹೊಲಿಗಿ ಬಿಟ್ಟೈತಿ ನೋಡ್ರಿ ಆಯಿ, ಡ್ಯಾಮೇಜ್ ಪೀಸ್, ಸ್ವಲ್ಪ ಕಡಿಮಿ ಮಾಡ್ರಿ" ಎಂದಳು. ನನಗೆ ಎಲ್ಲಿತ್ತೋ ಸಿಟ್ಟು! "ಹೊಲಿಗಿ ಬಿಟ್ಟಿಲ್ಲವ್ವಾ, ಅದು ಉಪವಾಸ ಐತಿ!" ಎಂದು ಕೂಗಿ ಕಿತ್ತುಕೊಂಡೆ. ಮಳಿಗೆಗಳ ಸಾಲೆಲ್ಲ ಕತ್ತು ಚಾಚಿ ನೋಡಿತು. ಗಂಡ ಹೆಂಡತಿ ಇಬ್ಬರೂ ಈ ಮುದುಕಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡು ಜಾಗ ಖಾಲಿ ಮಾಡಿದರು.

ಚಂದವ್ವ ತಪ್ಪಾಯಿತು ಎಂದಳು. ತನ್ನ ಸೂಜಿದಾರ ತೆಗೆದು, "ತಾ ಇಲ್ಲೆ, ರೊಟ್ಟಿ ಇಟ್ಟು ಎರಡ ಟಾಕಿ ಹಾಕಿ ಮುಚ್ಚಿಬಿಡ್ತೇನಿ" ಎಂದಳು. ಬೇಡ, ನನ್ನ ಸೊಸೆ ಬಂದು ಇಡುತ್ತಾಳೆ ಎಂದೆ. "ಯಾವಾಗ ಬರ್ತಾಳ?" ಎಂದಳು. ನಾನು ಕೌದಿಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡೆ. ಆಮೇಲೆ ಅವಳಿಗೆ ಎಲ್ಲ ಹೇಳಿದೆ, ನಿಮ್ಮ ಅಪ್ಪ ಬಂದದ್ದು, ನಾನು ಉತ್ತರ ಕೊಡದೆ ಉಳಿದದ್ದು. ಅವಳು ಹಿಂಡಿಯ ಪಾಕೀಟು ಕಟ್ಟುತ್ತಲೇ ಕೇಳಿ, "ಕೌದಿ ಹೊಲಿಯೂದು ಯಾರರೆ ಹೊದ್ದಕೊಳ್ಳಲಿ ಅಂತ ರೇಣವ್ವಾ. ಬಾಯಿ ತಗದು ಕುಂತದ್ದಕ್ಕ ನೀ ತುತ್ತೂ ಹಾಕವಲ್ಲಿ, ಬಿಡವಲ್ಲಿ. ಇದೆಂಥಾ ಮಾಯೆ ಬೇ ನಿಂದು?" ಎಂದಳು. ನನಗೆ ಸಿಟ್ಟು ಬಂತು. ಸಂಜೆ ಅವಳನ್ನು ಬಿಟ್ಟು ಒಬ್ಬಳೇ ಖಾನಾವಳಿಗೆ ಹೋಗಿ ಉಂಡೆ.

ಉಂಡು ಬರುವಾಗ ಕೌಂಟರಿನಿಂದ ಜಾಹಿದ, "ಆಯಿ, ನಿಮ್ಮ ಸೊಸಿ ಬಂದಾರ್ರಿ, ಕೀಲಿ ಕೊಟ್ಟೇನಿ, ಮ್ಯಾಲ ಅದಾರ" ಎಂದ. ಸುಮಂಗಲಾ, ಅವನು ಯಾರನ್ನು ಸೊಸಿ ಅನ್ನುತ್ತಾನೆ ಎಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ನೀನೇ ಬಂದೆ ಅಂದುಕೊಂಡೆ. ನನ್ನ ಮೊಣಕಾಲು ನೋವು ಎಲ್ಲಿ ಹೋಯಿತೋ, ಓಡಿಕೊಂಡು ಮೆಟ್ಟಿಲು ಹತ್ತಿದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ, ನಿನ್ನ ಗಲ್ಲ ಮುಟ್ಟಲೆಂದು. ಬಾಗಿಲು ತಳ್ಳಿದರೆ ಚಂದವ್ವ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಳು. ನಾನು ಹೊಸ್ತಿಲ ಮೇಲೆಯೇ ಕೂತು ಅತ್ತುಬಿಟ್ಟೆ. ನಿನ್ನನ್ನು ಕಾಣಬೇಕೆಂದು ನನ್ನ ಜೀವ ಎಷ್ಟು ಹಾತೊರೆಯುತ್ತಿದೆ ಎಂಬುದು ನನಗೇ ಗೊತ್ತಿರಲಿಲ್ಲ ಮಗಳೇ. ಚಂದವ್ವ ಎದ್ದು ಬಂದಳು. ಎಣ್ಣೆಯ ಕೈಯಲ್ಲೇ ನನ್ನ ಬೆನ್ನು ಸವರಿ, ಇವತ್ತು ಗೋಡೆ ಕಡೆ ನೀನೇ ಮಲಗು ಎಂದಳು.

ಈಗ ಕೋಣೆ ಖಾಲಿ ಮಾಡುತ್ತಿದ್ದೇವೆ. ಚಂದವ್ವ ಬಾಗೇವಾಡಿಯ ಮೇಲೆ ಹಾದು ಮುದ್ದೇಬಿಹಾಳಕ್ಕೆ ಹೋಗುತ್ತಾಳೆ, ನನ್ನದು ತಾಂಬಾ ಮೇಲೆ ಹಾದು ದೇವರ ಹಿಪ್ಪರಗಿಗೆ ಹೋಗುವ ಬಸ್ಸು, ಇನ್ನೂ ತಡವಿದೆ. ಈ ಪತ್ರವನ್ನೂ ಕೌದಿಯನ್ನೂ ಅವಳೇ ನಿನ್ನ ಕೈಗೆ ಕೊಡುತ್ತಾಳೆ. ಅವಳಿಗೆ ಚಹಾ ಅಲ್ಲ, ಊಟ ಹಾಕಿ ಕಳಿಸು, ಮೆತ್ತಗಿನ ರೊಟ್ಟಿ ಮಾಡು, ಹಲ್ಲಿಲ್ಲ. ಜಾಹಿದ ನಿನ್ನ ಝೆರಾಕ್ಸು ವಾಪಸು ಕೊಟ್ಟ, ಮತ್ತೆ ಸಂಚಿಯಲ್ಲಿ ಇಟ್ಟುಕೊಂಡಿದ್ದೇನೆ. ಮುಂದಿನ ವರ್ಷದ ಪ್ರದರ್ಶನ ಯಾವ ಊರಲ್ಲೋ, ಬೇಕಾದೀತು. ನಿಮ್ಮ ಅಪ್ಪ ಅವ್ವನಿಗೆ ನನ್ನ ನಮಸ್ಕಾರ. ನಿನ್ನ ಮಾವನ ಆಶೀರ್ವಾದವನ್ನೂ ನಾನೇ ಸೇರಿಸಿ ಬರೆದಿದ್ದೇನೆ, ಅವರು ಬೇಡ ಅನ್ನುವವರಲ್ಲ. ಉಂಡು ತಿಂದು ಗಟ್ಟಿಯಾಗಿರು.

ನಿನ್ನ ಅತ್ತೆ,
ರೇಣವ್ವ

ತಾ.ಕ.: ಚಂದವ್ವನ ಬಸ್ಸಿನ ಬಾಗಿಲಲ್ಲಿ ನಿಂತು ಬರೆಯುತ್ತಿದ್ದೇನೆ, ಕಂಡಕ್ಟರ ಸೀಟಿ ಊದುತ್ತಿದ್ದಾನೆ, ಸೊಟ್ಟ ಅಕ್ಷರ ಓದಿಕೋ. ರೇಣವ್ವ ಹೂಂ ಅಂದಳು ಎಂದು ನಿಮ್ಮ ಅಪ್ಪನಿಗೆ ಹೇಳು. ನೀಲಿ ಅಂಗಿಯ ತುಂಡು ಬಿಚ್ಚಿ ನಾನು ಇಟ್ಟುಕೊಳ್ಳಬೇಕೆಂದು ಬೆಳಗ್ಗೆ ಕತ್ತರಿ ಹಿಡಿದೆ, ಮನಸ್ಸಾಗಲಿಲ್ಲ, ಅದು ನಿನ್ನ ಜೊತೆಗೇ ಬರಲಿ. ಸಂಜೀವಕುಮಾರನ ಮನೆಯಲ್ಲಿ ಅವನ ಹೆಂಡತಿಯ ಸೀರೆಗಳು ಇದ್ದೇ ಇರುತ್ತವೆ, ಯಾರಿಗೂ ಕೊಟ್ಟುಬಿಡಬೇಡ, ಮುಂದಿನ ಕೌದಿಗೆ ಬೇಕು, ಹೊಲಿಯಲು ನಾನು ಬರುತ್ತೇನೆ. ಖಾನಾವಳಿಯಲ್ಲಿ ಬಿಸಿ ರೊಟ್ಟಿ ಇಸಿದುಕೊಂಡು ನನ್ನ ಪಾಲಿನ ಚೂರನ್ನು ಮೂಲೆಯಲ್ಲಿ ಇಟ್ಟಿದ್ದೇನೆ, ಬಾಯಿ ಮಾತ್ರ ಹೊಲಿದಿಲ್ಲ. ಹೊಸ ಮನೆಯಲ್ಲಿ ನೀನು ಸುಟ್ಟ ಮೊದಲ ರೊಟ್ಟಿಯ ಚೂರು ಇಟ್ಟು ನೀನೇ ಹೊಲಿ. ದಾರ ಪೋಣಿಸಿ ಸೂಜಿಯನ್ನು ಅಲ್ಲೇ ಚುಚ್ಚಿದ್ದೇನೆ. ಕೌದಿ ಬಿಚ್ಚುವಾಗ ಕೈಗೆ ತಾಗೀತು, ಜೋಪಾನ.