ಹೂಂಗುಟ್ಟುವವರಿದ್ದ ಕಾಲದವರಿಗೆ

ಇಸವಿ ೨೩೧೧, ಫೆಬ್ರವರಿ ೩೦
ಮೂರನೇ ಅಟ್ಟ, ಹಿರೇಬಾನಗಟ್ಟಿ

ಹಿಂದಿನವರೇ,

ಫೆಬ್ರವರಿಗೆ ಮೂವತ್ತನೇ ದಿನ ಎಲ್ಲಿಂದ ಬಂತೆಂದು ಗಾಬರಿಯಾಗಬೇಡಿ. ತಿಂಗಳುಗಳನ್ನೆಲ್ಲ ನಾವು ಸರಿಸಮ ಮಾಡಿಕೊಂಡಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ಕಥೆ ಹೇಳುವ ಮುದುಕಿ ನೀಲಗಂಗವ್ವ. ನಿಮ್ಮ ಮೇಲಿನ ಹೊಟ್ಟೆಕಿಚ್ಚಿಗೇ ಈ ಪತ್ರ ಬರೆಯುತ್ತಿದ್ದೇನೆ.

ಇಲ್ಲಿ ಪ್ರತಿ ಮಗುವಿಗೂ ಒಂದು ಕಿವಿಗುರು ಇರುತ್ತದೆ. ಜೋಳದ ಕಾಳಿನಷ್ಟು ಚಿಕ್ಕ ಯಂತ್ರ. ಮಾತು ತಡೆದರೆ ಸರಿಯಾದ ಪದವನ್ನು ಕಿವಿಯಲ್ಲಿ ಉಸುರುತ್ತದೆ. ಹಾಗಾಗಿ ನಮ್ಮ ಅಟ್ಟದಲ್ಲಿ (ಮನೆಯ ಮೇಲೆ ಮನೆ ಪೇರಿಸಿದ ಓಣಿಗೆ ನಾವು ಅಟ್ಟ ಎನ್ನುತ್ತೇವೆ) ಯಾರೂ ತಡವರಿಸುವುದಿಲ್ಲ, ಯಾರಿಗಾಗಿಯೂ ಯಾರೂ ಕಾಯುವುದಿಲ್ಲ. ಹದಿನಾಲ್ಕು ತುಂಬಿದವರು ಮಾತ್ರ ಕಿವಿಗುರುವನ್ನು ತೆಗೆದಿಟ್ಟು ಅಟ್ಟದವರ ಮುಂದೆ ಒಂದು ಕಥೆ ಹೇಳಬೇಕು. ಅದಕ್ಕೆ ಬರಿಗಿವಿ ಎಂದು ಹೆಸರು. ಮೂರು ಸಲವೂ ಆಗದಿದ್ದರೆ, ಮುಂದೆ ಸಭೆಯಲ್ಲಿ ಅವರ ಪರವಾಗಿ ಯಂತ್ರವೇ ಮಾತಾಡುತ್ತದೆ, ಬದುಕಿರುವ ತನಕ. ನನ್ನ ಮೊಮ್ಮಗಳು ಇರುವಂತಿ ಎರಡು ಸಲ ಬಾಯಿ ತೆರೆಯದೆ ಮರಳಿ ಬಂದಿದ್ದಳು.

ತಪ್ಪು ನನ್ನದೇ. ದಿನವೂ ಕಥೆ ಕಲಿಸುತ್ತಿದ್ದೆ. ಅವಳು ಉಸಿರು ತೆಗೆದುಕೊಳ್ಳಲು ನಿಂತರೂ ಮುಂದಿನ ಪದ ನಾನೇ ಹೇಳಿಬಿಡುತ್ತಿದ್ದೆ.

ಆಗ ನಿಮ್ಮ ಕಾಲದ ಒಂದು ಧ್ವನಿಮುದ್ರಣ ಸಿಕ್ಕಿತು. ಯಾವುದೋ ಊರಿನ ಕಟ್ಟೆಯ ಮೇಲೆ ದ್ಯಾಮವ್ವ ಎಂಬ ಹುಡುಗಿ ಕಥೆ ಹೇಳುತ್ತಿದ್ದಾಳೆ. ಮಾತು ಮಾತಿಗೂ ಸುತ್ತಲಿನವರು ಹೂಂಗುಟ್ಟುತ್ತಾರೆ. ನಡುವೆ ಅವಳು ಮರೆತು ನಿಲ್ಲುತ್ತಾಳೆ. ಯಾರೂ ಹೇಳಿಕೊಡುವುದಿಲ್ಲ.

"ಹೂಂ. ನಿಧಾನ ಹೇಳವಾ, ನಮಗೇನ್ ಅವಸರಿಲ್ಲ," ಎನ್ನುತ್ತಾಳೆ ಒಬ್ಬಾಕೆ.

"ಹುಲಿ... ಹುಲಿ ರಾಜನ್ನ ತಿಂದ್ಬಿಡ್ತು!"

"ಅಯ್ಯ, ನಮ್ಮಜ್ಜಿ ಕಥಿಯೊಳಗ ರಾಜಾನ ಹುಲೀನ್ನ ಹೊಡದಿದ್ದ," ಎನ್ನುತ್ತಾನೆ ಒಬ್ಬ ಮುದುಕ.

"ನಿಮ್ಮಜ್ಜಿ ಹುಲಿಗೆ ಹಲ್ಲಿರಲಿಲ್ಲ ಬಿಡ್ರಿ ಕಾಕಾ. ನೀ ಹೇಳವಾ, ತಿಂದ್ ಮ್ಯಾಲ ಏನಾತು?" ಎನ್ನುತ್ತಾಳೆ ಮೊದಲಿನಾಕೆ.

ಎಲ್ಲರೂ ನಗುತ್ತಾರೆ, ಹುಡುಗಿಯೂ. ಅಲ್ಲಿಂದ ಅವಳ ದನಿ ಏರುತ್ತದೆ. ಆ ತಪ್ಪು ಹುಲಿಯನ್ನೇ ಏರಿ ಕಥೆಯ ಕೊನೆ ಮುಟ್ಟುತ್ತಾಳೆ. ನಲವತ್ತು ಸಲ ಕೇಳಿದೆ, ನಲವತ್ತು ಸಲವೂ ಹೊಟ್ಟೆ ಉರಿಯಿತು. ಕಾಯುವ ಜನ ನಿಮಗೆ ಕಟ್ಟೆಕಟ್ಟೆಗೂ ಇದ್ದರಲ್ಲ!

ಮೂರನೇ ಬರಿಗಿವಿಗೆ ಮುಂಚೆ ಮನೆಮನೆ ತಿರುಗಿ, ಹೂಂ ಎನ್ನಲು ಬನ್ನಿ ಎಂದು ಬೇಡಿಕೊಂಡೆ. ಮೂವರು ಒಪ್ಪಿದರು. ಅವರಿಗೋ ಅಭ್ಯಾಸವಿಲ್ಲ. ಇರುವಂತಿ ಎದ್ದು ನಿಂತದ್ದೇ ತಡ, ನಲ್ಲಿ ರಿಪೇರಿಯ ಸಣ್ಣೀರಪ್ಪ ಗಟ್ಟಿಯಾಗಿ "ಹೂಂ!" ಎಂದ.

"ಇನ್ನಾ ಶುರುನ ಮಾಡಿಲ್ರೀ ಮಾಮಾ!" ಎಂದು ಅವಳು ನಕ್ಕುಬಿಟ್ಟಳು.

ಅಟ್ಟದವರು ಅವಳ ಬರಿ ದನಿ ಕೇಳಿದ್ದು ಅದೇ ಮೊದಲು. ಕಥೆ ಹೊರಟಿತು. ಎರಡು ಕಡೆ ನಿಂತಳು. ನಾನು ನಾಲಿಗೆ ಕಚ್ಚಿ ಹಿಡಿದೆ, ಅವರು ಕಾದರು. ಅವಳು ನನ್ನ ಕಡೆ ಒಮ್ಮೆಯೂ ನೋಡದೆ, ಆ ಮೂವರನ್ನೇ ನೋಡುತ್ತ ಮುಗಿಸಿದಳು.

ಈಗ ಹೊಸ ಕಥೆ ಹುಟ್ಟಿದರೆ ಅವಳು ಮೊದಲು ಓಡುವುದು ಸಣ್ಣೀರಪ್ಪನ ಮನೆಗೆ. ಕಲಿಸಿದವಳು ನಾನು, ಕೇಳುವವನು ಅವನು! ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.

ಹಿಂದಿನವರೇ, ನಿಮ್ಮ ಓಣಿಯ ಮಕ್ಕಳು ತಡವರಿಸಿದಾಗ ಪದ ಕೊಡಲು ಹೋಗಬೇಡಿ. ಕಿವಿಗುರುವನ್ನು ಮೊದಲು ಮಾಡಿದವರು ದುಷ್ಟರಲ್ಲ. ನನ್ನಂಥ ಅವಸರದ ಅಜ್ಜಿಯೇ ಯಾರೋ ಇರಬೇಕು.

ಗೋಡೆಯಾಚೆ ಇರುವಂತಿಯ ದನಿ ಕೇಳುತ್ತಿದೆ, ಕಥೆ ಶುರುವಾಗಿದೆ. ನನ್ನನ್ನು ಕರೆದಿಲ್ಲ. ಕರೆಯದಿದ್ದರೇನು, ಹೋಗಿ ಸಣ್ಣೀರಪ್ಪನ ಬಾಗಿಲ ಹತ್ತಿರ ಕೂರುತ್ತೇನೆ.

ನೀಲಗಂಗವ್ವ